ಓಲೆಕಟ್ಟು ಹಿಂದೆ ಬರುವ ತನಕ

ಬಸ್ಸು ಕೆಟ್ಟು ನಿಲ್ಲಬಹುದಿತ್ತು. ಕೆಡದಿದ್ದರೆ, ಮೇಲಿನ ಕಂಬಿಯಲ್ಲಿ ಯಾರೋ ಇಟ್ಟ ಮೀನಿನ ಚೀಲ ಸೋರಿ, ಆ ನೀರು ಸರಿಯಾಗಿ ನನ್ನ ಮಡಿಲಲ್ಲಿದ್ದ ತಾಳೆಗರಿಯ ಓಲೆಕಟ್ಟಿನ ಮೇಲೇ ಬೀಳಬಹುದಿತ್ತು. ಡಿಸೆಂಬರಿನಲ್ಲಿ ಮಳೆ ಹೊಡೆಯಬಹುದಿತ್ತು. ಈಚೆಗೆ ಮಳೆ ಕ್ಯಾಲೆಂಡರ್ ನೋಡಿ ಬರುವುದನ್ನು ಬಿಟ್ಟಿದೆ. ಪೊಲೀಸರು ಬಸ್ಸು ನಿಲ್ಲಿಸಿ ಈ ಪುರಾತನ ವಸ್ತು ನಿನ್ನ ಕೈಗೆ ಹೇಗೆ ಬಂತು ಎಂದು ಕೇಳಬಹುದಿತ್ತು, ನಾನು ಕದಿಯದಿದ್ದರೂ ಕದ್ದವನ ಹಾಗೆ ತೊದಲಬಹುದಿತ್ತು. ಮೂಡುಬಿದಿರೆಯಲ್ಲಿ ದಾರ ಬಿಚ್ಚಿದ ಕೂಡಲೇ ಓಲೆಗಳು ಹಪ್ಪಳದಂತೆ ಪುಡಿಯಾಗಬಹುದಿತ್ತು. ಪುಡಿಯಾಗದೆ ಉಳಿದರೆ ಇನ್ನೂ ಕಷ್ಟ: ಅದು ಧರ್ಮಗ್ರಂಥವೇ ಅಲ್ಲ, ದನದ ಹೊಟ್ಟೆಯುಬ್ಬರಕ್ಕೆ ಮದ್ದು ಹೇಳುವ ಓಲೆ ಎಂದು ಗೊತ್ತಾಗಬಹುದಿತ್ತು. ಆಗ, ಜೀವಮಾನವಿಡೀ ಅದರ ಮುಂದೆ ದೀಪ ಹಚ್ಚಿದ ದೊಡ್ಡಮ್ಮನಿಗೆ ನಾನು ಏನೆಂದು ಹೇಳುವುದು? ಇಷ್ಟೂ ಆಗದಿದ್ದರೆ, ಯಾರಾದರೂ ನನ್ನನ್ನು ಹಿಂಬಾಲಿಸಬಹುದಿತ್ತು. ಈ ಕೊನೆಯದನ್ನು ನಾನು ಎಲ್ಲಕ್ಕಿಂತ ಹೆಚ್ಚು ನಂಬಿದ್ದೆ. ಯಾಕೆಂದರೆ ಅದನ್ನು ಬರೆದವನು ನಾನೇ.

ನಾನು ಬಂಟ್ವಾಳದ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವವನು. ಕೆಲವು ವರ್ಷಗಳಿಂದ ರೋಚಕ ಕಾದಂಬರಿಯೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿ ಪುರಾತತ್ವ ತಜ್ಞನೊಬ್ಬನಿಗೆ ಪಾಳುಬಿದ್ದ ಮನೆಯ ನೆಲದಡಿಯಲ್ಲಿ ಪ್ರಾಚೀನ ಧಾರ್ಮಿಕ ಓಲೆಗ್ರಂಥ ಸಿಗುತ್ತದೆ. ಅದು ಸಿಕ್ಕಿದ ಗಳಿಗೆಯಿಂದ ಕಪ್ಪು ಕನ್ನಡಕದವರು ಅವನ ಬೆನ್ನು ಹತ್ತುತ್ತಾರೆ. ನನ್ನ ನಾಯಕ ಗೋಡೆ ಹಾರುತ್ತಾನೆ, ಓಡುವ ಲಾರಿಯಿಂದ ಧುಮುಕುತ್ತಾನೆ. ನಾನು ಬಿ.ಸಿ.ರೋಡಿನಲ್ಲಿ ಚರಂಡಿಯ ಚಪ್ಪಡಿ ದಾಟುವ ಮೊದಲು ಅದನ್ನು ಕಾಲಿನಿಂದ ಒತ್ತಿ ನೋಡುವವನು. ಬರೆದಷ್ಟನ್ನು ಓದಿದ ಹೆಂಡತಿ ಒಂದೇ ಪ್ರಶ್ನೆ ಕೇಳಿದ್ದಳು: "ಇವ ಯಾವಾಗ ನೋಡಿದ್ರೂ ಓಡ್ತಾನೆ. ಊಟ ಗೀಟ ಉಂಟಾ ಇವನಿಗೆ?"

ಈ ಕಾದಂಬರಿಯ ಸುದ್ದಿ ಅವಳ ಬಾಯಿಂದಲೇ ಮುಂಡಾಜೆಗೆ ಹೋಯಿತು. ಅಲ್ಲಿ ನನ್ನ ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮ, ತಮ್ಮನ ಸಂಸಾರದ ಜೊತೆ ಇದ್ದಾರೆ. ಆ ಮನೆಯ ದೇವರ ಕೋಣೆಯಲ್ಲಿ ಒಂದು ಓಲೆಕಟ್ಟು ಉಂಟು. ಹಳೆಯ ಮನೆ ಕೆಡವಿ ತಾರಸಿಯದ್ದು ಕಟ್ಟಿದಾಗ ಬಾಗಿಲು, ಕಂಬ, ಭತ್ತ ತುಂಬುವ ಪತ್ತಾಯ ಎಲ್ಲ ಮಾರಿಹೋದವು. ಓಲೆಕಟ್ಟು ಮಾತ್ರ ಕೆಂಪು ಪಟ್ಟೆಯ ವಸ್ತ್ರ ಸುತ್ತಿಕೊಂಡು ಗ್ರಾನೈಟಿನ ಕಟ್ಟೆಗೆ ಬಂದು ಕೂತಿತು. ನಾವು ಜೈನರು. ವರ್ಷಕ್ಕೊಮ್ಮೆ ಶ್ರುತ ಪಂಚಮಿಯ ದಿನ ಗ್ರಂಥಗಳಿಗೆ ಪೂಜೆ. ಅಂದು ದೊಡ್ಡಮ್ಮ ವಸ್ತ್ರ ಸರಿಸಿ, ಮೇಲಿನ ಓಲೆಗೆ ಗಂಧ ಹಚ್ಚಿ, ಮತ್ತೆ ಮುಚ್ಚುತ್ತಾರೆ. ದಾರ ಬಿಚ್ಚಿದವರಿಲ್ಲ, ಓದಿದವರಂತೂ ಇಲ್ಲ.

ದೊಡ್ಡಮ್ಮ ಫೋನು ಮಾಡಿದರು. "ಮಗಾ, ನೀನು ಓಲೆ ಬಗ್ಗೆ ಪುಸ್ತಕ ಬರೀತಿದ್ದಿಯಂತೆ."

"ಅದು ಕತೆ ದೊಡ್ಡಮ್ಮ. ಸುಮ್ಮನೆ ಕಟ್ಟಿದ್ದು."

"ಕತೆ ಆದ್ರೂ ಗೊತ್ತಿಲ್ಲದೆ ಬರೀಲಿಕ್ಕೆ ಆಗ್ತದಾ?"

ಆಗುತ್ತದೆ. ನಾನು ಅದುವರೆಗೆ ಒಂದೇ ಒಂದು ಓಲೆಯನ್ನು ಮುಟ್ಟಿದವನಲ್ಲ. ಆದರೆ ಇದನ್ನು ಹಿರಿಯರಿಗೆ ಫೋನಿನಲ್ಲಿ ವಿವರಿಸುವುದು ಕಷ್ಟ.

"ಕಟ್ಟಿನ ಅಡಿಯಲ್ಲಿ ಹಿಟ್ಟಿನ ಹಾಗೆ ಪುಡಿ ಬೀಳ್ತಾ ಉಂಟು," ಎಂದರು. "ಹುಳ ಹಿಡಿದದ್ದು. ಮೂಡುಬಿದಿರೆಯಲ್ಲಿ ಓಲೆ ಓದುವವರು ಒಬ್ಬರು ಇದ್ದಾರಂತೆ, ಮದ್ದೆಣ್ಣೆ ಕೂಡ ಹಚ್ಚಿ ಕೊಡ್ತಾರಂತೆ. ಅವರಿಗೆ ಮೊಣಕಾಲು ನೋವು, ಇಲ್ಲಿಗೆ ಬರ್ಲಿಕ್ಕೆ ಆಗುದಿಲ್ಲ. ನೀನು ತಕ್ಕೊಂಡು ಹೋಗು. ನನ್ನ ಕಣ್ಣಿಗೂ ಪೊರೆ ಬಂದಿದೆ. ಇಷ್ಟು ವರ್ಷ ಯಾವುದಕ್ಕೆ ದೀಪ ಇಟ್ಟದ್ದು ಅಂತ ಒಮ್ಮೆ ಗೊತ್ತಾಗ್ಲಿ."

ಹೆಂಡತಿ ಕಾರು ಕೊಂಡುಹೋಗಲು ಹೇಳಿದಳು. ಹೆದ್ದಾರಿಯ ಕೆಲಸ ನಡೆಯುವ ಕಡೆ ಕಾರು ಕೆಟ್ಟರೆ ನಾನು ಒಬ್ಬನೇ. ಬಸ್ಸು ಕೆಟ್ಟರೆ ಐವತ್ತು ಜನ ಸಾಕ್ಷಿ ಇರುತ್ತಾರೆ ಎಂದೆ. "ನಿಮಗೆ ಸಾಕ್ಷಿ ಯಾಕೆ, ನಿಮ್ಮನ್ನು ಯಾರು ಕೊಲ್ತಾರೆ?" ಎಂದು ಅವಳು ಬೀಗದ ಕೈ ಒಳಗಿಟ್ಟಳು.

ಬೆಳಗಿನ ಬಸ್ಸಿನಲ್ಲಿ ಮಡಂತ್ಯಾರು, ಬೆಳ್ತಂಗಡಿ ದಾಟಿ ಮುಂಡಾಜೆ ತಲುಪಿದಾಗ ದೊಡ್ಡಮ್ಮ ಸ್ನಾನ ಮಾಡಿ ಕಾಯುತ್ತಿದ್ದರು. ಓಲೆಕಟ್ಟನ್ನು ಎರಡೂ ಕೈಯಿಂದ ಎತ್ತಿ ನನ್ನ ಕೈಗೆ ಕೊಟ್ಟರು. ಮಲಗಿದ ಮಗುವನ್ನು ಕೊಡುವವರ ಹಾಗೆ ಕೊಟ್ಟರು, ನಾನೂ ಮಗುವನ್ನು ಹಿಡಿಯಲು ಬಾರದ ಗಂಡಸರ ಹಾಗೆಯೇ ಹಿಡಿದೆ.

"ನೆಲದಲ್ಲಿ ಇಡ್ಬೇಡ. ಚರ್ಮದ ಚೀಲದಲ್ಲಿ ಹಾಕ್ಬೇಡ. ಮಡಿಲಲ್ಲಿ ಇಟ್ಕೊ. ಮತ್ತೆ, ಸಂಜೆ ಅಂಗೈ ಗೆರೆ ಕಾಣುವಷ್ಟು ಬೆಳಕು ಇರುವಾಗ ಬಾ."

"ಅಂಗೈ ಗೆರೆ?"

ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದ ಮಾವ, ಅಂದರೆ ದೊಡ್ಡಮ್ಮನ ತಮ್ಮ, ಅಲ್ಲಿಂದಲೇ ಹೇಳಿದರು: "ಅದು ಅಕ್ಕನ ಗಡಿಯಾರ. ಹೊರಗೆ ನಿಂತು ಕೈ ನೋಡುವುದು. ಗೆರೆ ಕಂಡ್ರೆ ಉಣ್ಣಬಹುದು, ಕಾಣದಿದ್ರೆ ಹೊತ್ತು ಮುಳುಗಿತು, ಮಾರನೇ ದಿನ ಬೆಳಗಾಗುವ ತನಕ ಊಟ ಇಲ್ಲ. ಇವತ್ತು ಬೆಳಿಗ್ಗೆಯಿಂದ ಎಂತದೂ ಮುಟ್ಟಿಲ್ಲ. ಕಟ್ಟು ಜಾಗಕ್ಕೆ ಬಂದು ಕೂತು, ಅದಕ್ಕೆ ದೀಪ ಇಟ್ಟ ಮೇಲೆಯೇ ಅಂತೆ ಊಟ."

"ಅದಕ್ಕೆ ದೀಪ ಇಡದೆ ನಾನು ಎಂದೂ ಉಂಡದ್ದಿಲ್ಲ," ಎಂದರು ದೊಡ್ಡಮ್ಮ, ವಿಷಯ ಅಲ್ಲಿಗೆ ಮುಗಿಯಿತು ಎಂಬಂತೆ.

"ಸಕ್ಕರೆ ಕಾಯಿಲೆ," ಎಂದರು ಮಾವ ನನಗೆ. "ಹೊತ್ತಿಗೆ ಸರಿಯಾಗಿ ಉಣ್ಣಬೇಕು ಅಂತ ಡಾಕ್ಟರ್ರು ಹೇಳಿದ್ದಾರೆ. ನೀನು ಕತ್ತಲೆಗೆ ಬಂದ್ರೆ ಅವಳು ನಾಳೆವರೆಗೆ ಉಪವಾಸ. ಅಷ್ಟು ನೆನಪಿಟ್ಕೋ ಅಳಿಯ. ನಾನು ಕಾರಲ್ಲಿ ಒಂದು ಗಳಿಗೆಯಲ್ಲಿ ಹೋಗಿ ಬರ್ತಿದ್ದೆ. ಆದ್ರೆ ನನ್ನ ಕೈಗೆ ಕೊಡುದಿಲ್ಲ. ನಾನು ರಾತ್ರಿ ಉಣ್ಣುವವ ಅಲ್ವಾ, ಭ್ರಷ್ಟ."

ಬಂಟ್ವಾಳದಲ್ಲಿ ನಾನು ಟಿ.ವಿ. ಮುಂದೆ ಎಷ್ಟು ಹೊತ್ತಿಗೆ ಉಣ್ಣುತ್ತೇನೆ ಎಂದು ದೊಡ್ಡಮ್ಮ ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡುವ ಚಾಳಿ ಕಾಲೇಜಿನ ಮಕ್ಕಳಿಗೆ ಇರುತ್ತದೆ, ನನಗಿಲ್ಲ.

ಹೋಗುವಾಗ ಏನೂ ಆಗಲಿಲ್ಲ. ಆಗದಿರುವುದೇ ನನಗೆ ಭಯ. ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿ, ಕಿಟಕಿಯ ಪಕ್ಕ ಕೂತು, ಬಿಸಿಲು ತಾಗಬಾರದೆಂದು ಈಚೆಗೆ ಸರಿದು, ಜನ ತಾಗಬಾರದೆಂದು ಮತ್ತೆ ಆಚೆಗೆ ಸರಿದು ಹೊರಟೆ. ಪಕ್ಕದಲ್ಲಿ ಕೂತ ಹೆಂಗಸು ವಸ್ತ್ರದ ಗಂಟು ನೋಡಿ "ಸೀರೆಯಾ?" ಎಂದು ಕೇಳಿದಳು. ಹೌದೆಂದೆ. "ಮುಟ್ಟಿಯೂ ಮುಟ್ಟದ ಹಾಗೆ ಹಿಡಿದಿದ್ದೀರಲ್ಲ, ರೇಷ್ಮೆಯೇ ಇರ್ಬೇಕು," ಎಂದಳು.

ಓಲೆ ಓದುವ ಹಿರಿಯರ ಮನೆ ಮೂಡುಬಿದಿರೆಯಲ್ಲಿ ಬಸದಿಗಳ ಬೀದಿಯ ಹಿಂದೆ. ಮೇಜಿನ ಮೇಲೆ ತೊಳೆದ ಬಿಳಿ ಬಟ್ಟೆ ಹಾಸಿ ಸಿದ್ಧವಾಗಿದ್ದರು. ದಾರ ಬಿಚ್ಚುವಾಗ ನಾನು ಕಣ್ಣು ಮುಚ್ಚಿದೆ. ತೆರೆದಾಗ ಓಲೆಗಳು ಓಲೆಗಳಾಗಿಯೇ ಇದ್ದವು. ಆದರೆ ಹಿರಿಯರ ಮುಖ ಸರಿ ಇರಲಿಲ್ಲ.

"ಇದೆಂತ, ಮೇಲಿನ ಓಲೆಯಲ್ಲಿ ಅಕ್ಷರವೇ ಕಾಣುದಿಲ್ಲ?"

"ಗಂಧ," ಎಂದೆ. "ಪಂಚಮಿಯ ದಿನ ಹಚ್ಚುವುದು."

"ಪ್ರತಿ ವರ್ಷ ಹೊಸತು ಹಚ್ಚಿದ್ದೀರಿ, ಹಳತು ಯಾರೂ ತೆಗೆದದ್ದಿಲ್ಲ. ಗೋಡೆಗೆ ಸಾರಣೆ ಮಾಡಿದ ಹಾಗೆ ಉಂಟು. ಗ್ರಂಥದ ಹೆಸರು ಇರುವುದು ಇಲ್ಲಿ. ನೀವು ಭಕ್ತಿ ಮಾಡಿದ್ದೂ ಸರಿಯಾಗಿ ಇಲ್ಲಿಯೇ. ಹುಳ ಬಂದದ್ದೂ ಇದರ ತಂಪಿಗೆ."

ಹೆಸರು ತಿಳಿಯದೆ ಹಿಂದೆ ಹೋದರೆ? ಹೆಸರು ಅಳಿಸಿದ್ದು ನೀವೇ ದೊಡ್ಡಮ್ಮ ಎಂದು ಹಸಿದ ಹೊಟ್ಟೆಯವರಿಗೆ ಹೇಗೆ ಹೇಳುವುದು?

"ಹೆದರುದೆಂತಕೆ?" ಎಂದರು ಹಿರಿಯರು. "ಬರೆದವರು ಕೊನೆಯಲ್ಲಿ ಕೂಡ ಹೇಳಿರ್ತಾರೆ." ಕಟ್ಟನ್ನು ತಿರುಗಿಸಿ ಕೊನೆಯ ಓಲೆಯನ್ನು ಮೇಲಕ್ಕೆ ತಂದರು. ಬೋಳಾಗಿ, ಏನೂ ಇಲ್ಲದಂತೆ ಕಾಣುತ್ತಿದ್ದ ಆ ಓಲೆಗೆ ಎಣ್ಣೆಯಲ್ಲಿ ಕಲಸಿದ ದೀಪದ ಮಸಿ ಹಚ್ಚಿ ಹತ್ತಿಯಿಂದ ಒರೆಸಿದರು. ಮಸಿ ಗೀರಿನಲ್ಲಿ ಮಾತ್ರ ನಿಂತಿತು. ಸಾಲು ಸಾಲಾಗಿ ಅಕ್ಷರ ಎದ್ದು ಬಂತು. ನಾನು ನನ್ನ ಕಾದಂಬರಿಯಲ್ಲಿ ಈ ಗಳಿಗೆಗಾಗಿ ಗುಡುಗು, ಸಿಡಿಲು, ಬಾವಲಿಗಳನ್ನು ತರಿಸಿದ್ದೆ. ಇಲ್ಲಿ ಪಕ್ಕದ ಮನೆಯ ಮಿಕ್ಸಿಯ ಸದ್ದು ಮಾತ್ರ ಇತ್ತು. ಆದರೂ ನಾನು ಮೇಜಿನ ಮೇಲೆ ಬಗ್ಗಿ ನಿಂತೆ.

ದನದ ಮದ್ದಲ್ಲ. ಸಂಸಾರದಲ್ಲಿರುವ ಜೈನರು ಹೇಗೆ ನಡೆದುಕೊಳ್ಳಬೇಕು ಎಂದು ಹೇಳುವ ಗ್ರಂಥ. ನೀರು ಸೋಸಿ ಕುಡಿಯುವುದು, ಸುಳ್ಳು ಹೇಳದಿರುವುದು, ಬೇರೆಯವರದ್ದನ್ನು ಮುಟ್ಟದಿರುವುದು.

"ಅಪರೂಪದ್ದಾ?" ಎಂದೆ.

"ಎಂತ ಅಪರೂಪ? ಇಂಥದ್ದು ಈ ಸುತ್ತಿನಲ್ಲಿ ಬೇಕಾದಷ್ಟು ಉಂಟು. ಆದ್ರೆ ಚಂದದ ಕೈಬರಹ."

ನನ್ನ ನಾಯಕನಾಗಿದ್ದರೆ ಇಲ್ಲಿಗೆ ಕುಸಿದು ಕೂರುತ್ತಿದ್ದ. ನನಗೆ ಸಮಾಧಾನವಾಯಿತು. ಬೇಕಾದಷ್ಟು ಇರುವ ವಸ್ತುವಿಗಾಗಿ ಯಾರೂ ಕೊಲೆ ಮಾಡುವುದಿಲ್ಲ.

ಗ್ರಂಥ ಮುಗಿದ ಮೇಲೆ ಬರೆದವನು ತನ್ನದೂ ಒಂದಿಷ್ಟು ಸೇರಿಸಿದ್ದ. ಹಿರಿಯರು ಅದನ್ನು ನಗುತ್ತಾ ಬಿಡಿಸಿ ಹೇಳಿದರು. ಬಗ್ಗಿ ಬಗ್ಗಿ ಸೊಂಟ ಹೋಯಿತಂತೆ. ಇದನ್ನು ಸೋರುವ ಮಾಡಿನ ಅಡಿಯಲ್ಲಿ ಇಡಬೇಡಿ ಅಂತೆ, ಇಲಿಯಿಂದ ಕಾಪಾಡಿ ಅಂತೆ, ಸಡಿಲವಾಗಿ ಕಟ್ಟಬೇಡಿ ಅಂತೆ, ಓದಲು ಕೊಂಡುಹೋದವನು ದಯವಿಟ್ಟು ಹಿಂದೆ ತರಲಿ ಅಂತೆ. ಹೆಸರು ಹೇಳಿಕೊಳ್ಳದ ಆ ಮನುಷ್ಯ ಬರೆದು ಮುಗಿಸಿ ಹಾಯಾಗಿ ಕೂರುವ ಬದಲು, ಕೂತು ಚಿಂತೆ ಮಾಡಿದ್ದ. ನಮ್ಮ ಪೈಕಿಯವನೇ ಇರಬೇಕು ಎನಿಸಿತು.

ಹುಳ ತೆಗೆದು, ನಿಂಬೆಯ ಪರಿಮಳದ ಹುಲ್ಲೆಣ್ಣೆ ಹಚ್ಚಿ, ಒಣಗಲು ಬಿಟ್ಟು, ನಡುವಿನ ಓಲೆಯೊಂದನ್ನು ಹಿರಿಯರು ಮತ್ತೆ ಓದಿದರು. ಬೆಳಕು ಹೋದ ಮೇಲೆ ಉಣ್ಣಬಾರದು. ಕಣ್ಣಿಗೆ ಕಾಣದ ಜೀವಗಳು ಅನ್ನದಲ್ಲಿ ಬೀಳುತ್ತವೆ. ಅದನ್ನು ಕೇಳಿದ್ದೇ ನನಗೆ ಮುಂಡಾಜೆಯ ನೆನಪಾಗಿ ಎದ್ದುನಿಂತೆ. ಊಟ ಮಾಡದೆ ಹೋಗಬಾರದೆಂದು ಆ ಮನೆಯವರು ಹಟ ಹಿಡಿದರು. ಹಸಿದ ದೊಡ್ಡಮ್ಮನನ್ನು ನೆನೆದು ಅನ್ನ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆಯಬಹುದು. ಇಳಿಯಿತು. ಸಾರನ್ನು ಇನ್ನೊಮ್ಮೆ ಹಾಕಿಸಿಕೊಂಡೆ.

ಹೊರಟಾಗ ಬಿಸಿಲು ಇನ್ನೂ ಧಾರಾಳವಾಗಿತ್ತು. ಬೆಳ್ತಂಗಡಿಯ ಬಸ್ಸೂ ಸಿಕ್ಕಿತು, ಕೂರಲು ಜಾಗವೂ ಸಿಕ್ಕಿತು. ಎಲ್ಲವೂ ಇಷ್ಟು ಸರಿಯಾಗಿ ನಡೆಯುವುದು ನನ್ನ ಅನುಭವದಲ್ಲಿ ಒಳ್ಳೆಯ ಲಕ್ಷಣವಲ್ಲ. ಹಾಗೆ ಅಂದುಕೊಂಡು ತಲೆಯೆತ್ತಿದೆ. ಬಾಗಿಲಿನ ಬಳಿ ಕಂಬಿ ಹಿಡಿದು ನಿಂತ ಒಬ್ಬ ನನ್ನನ್ನೇ ನೋಡುತ್ತಿದ್ದ.

ಕಪ್ಪು ಕನ್ನಡಕ. ಬೈಕಿನಲ್ಲಿ ಬಾರದವನ ಕೈಯಲ್ಲಿ ಹೆಲ್ಮೆಟ್ಟು. ನನ್ನ ಮುಖ ನೋಡಿದ, ಆಮೇಲೆ ಮಡಿಲಿನ ಕೆಂಪು ಪಟ್ಟೆಯ ವಸ್ತ್ರ ನೋಡಿದ, ಮತ್ತೆ ಮುಖ ನೋಡಿದ. ಫೋನು ತೆಗೆದು ಯಾರಿಗೋ ತಗ್ಗಿದ ದನಿಯಲ್ಲಿ ಏನೋ ಹೇಳಿದ. ಬಸ್ಸಿನ ಸದ್ದಿನಲ್ಲಿ ನನಗೆ ಎರಡೇ ಮಾತು ಕೇಳಿದವು: "ಕಟ್ಟು", "ಇವರ ಹತ್ತಿರ". ಹಿಂದಿನ ಸೀಟು ಖಾಲಿಯಾದದ್ದೇ ಬಂದು ನನ್ನ ಬೆನ್ನಿಗೆ ಕೂತ.

ನನ್ನ ಕಾದಂಬರಿಯಲ್ಲಿ ಇಂಥ ಸಂದರ್ಭ ಉಂಟು. ನಾಯಕ ಕೊನೆಯ ಕ್ಷಣದವರೆಗೆ ಕದಲದೆ ಕೂತು, ಬಸ್ಸು ಹೊರಡುವಾಗ ಥಟ್ಟನೆ ಇಳಿದುಬಿಡುತ್ತಾನೆ. ವೇಣೂರಿನಲ್ಲಿ ಬಸ್ಸು ನಿಂತಿತು. ಇಳಿಯುವವರು ಇಳಿದರು. ಕಂಡಕ್ಟರ್ "ರೈಟ್" ಎಂದದ್ದೇ ಓಲೆಕಟ್ಟನ್ನು ಎದೆಗೆ ಒತ್ತಿಕೊಂಡು ಹಾರಿದೆ.

"ಎಂತ ಮಾರಾಯ್ರೆ, ನಿದ್ದೆಯಾ? ಮೊದ್ಲೇ ಹೇಳ್ಲಿಕ್ಕೆ ಆಗುದಿಲ್ವಾ?" ಎಂದು ಕಂಡಕ್ಟರ್ ಬೈದ. ಹಿಂದಿನ ಕಿಟಕಿಯಿಂದ ಕಪ್ಪು ಕನ್ನಡಕದವನು ಕೈ ಆಡಿಸುತ್ತಾ ಏನೋ ಕೂಗಿದ. ಬಸ್ಸು ಹೋಯಿತು. ನಾನು ಗೆದ್ದಿದ್ದೆ. ಈ ವಯಸ್ಸಿನಲ್ಲಿ ಚಲಿಸುವ ಬಸ್ಸಿನಿಂದ ಇಳಿದು ನೆಟ್ಟಗೆ ನಿಂತ ಹೆಮ್ಮೆಗೆ ಸ್ವಲ್ಪ ಹೊತ್ತು ಸೂರ್ಯನನ್ನೇ ಮರೆತೆ.

ಮುಂದಿನ ಬಸ್ಸು ಬರಲಿಲ್ಲ. ತಂಗುದಾಣದಲ್ಲಿ ಕೂತಿದ್ದ ಬೀಡಿ ಕಟ್ಟಿನ ಹೆಂಗಸನ್ನು ಕೇಳಿದರೆ, "ಬರ್ತದೆ, ಬಾರದೆ ಎಲ್ಲಿ ಹೋಗ್ತದೆ?" ಎಂದಳು. ಅಂಗೈ ನೋಡಿಕೊಂಡೆ. ಗೆರೆ ಸ್ಪಷ್ಟ ಇತ್ತು. ಇನ್ನೊಂದಿಷ್ಟು ಹೊತ್ತು ಬಿಟ್ಟು ಮತ್ತೆ ನೋಡಿಕೊಂಡೆ. ಆಟೋ ಕೇಳೋಣವೆಂದರೆ ಇದ್ದ ಒಂದು ಆಟೋ ಮದುವೆ ದಿಬ್ಬಣದವರನ್ನು ತುಂಬಿಕೊಂಡು ಹೊರಟುಹೋಯಿತು. ಮತ್ತೆ ಅಂಗೈ.

"ಎಂತ, ಕೈಯಲ್ಲಿ ಯೋಗ ಬರೆದದ್ದು ಕಾಣ್ತಾ ಇಲ್ವಾ?" ಎಂದು ಹೆಂಗಸು ಕೇಳಿದಳು.

"ಬಸ್ಸಿನದ್ದು ಕಾಣ್ತಾ ಇಲ್ಲ."

ಬಸ್ಸು ಬಂದಾಗ ಬಿಸಿಲು ತೆಂಗಿನ ತಲೆಗೆ ಏರಿತ್ತು. ಗುರುವಾಯನಕೆರೆಯಲ್ಲಿ ವಾಹನಗಳ ಸಾಲು ನಿಂತಿತ್ತು. ಬೆಳ್ತಂಗಡಿಯಲ್ಲಿ ಇಳಿದು ಮುಂಡಾಜೆಯ ಕಡೆಗೆ ಜೀಪು ಹಿಡಿದೆ; ಉಜಿರೆಯಲ್ಲಿ ಧರ್ಮಸ್ಥಳಕ್ಕೆ ಹೋಗುವವರು ತಪ್ಪಿ ಹತ್ತಿ, ತಪ್ಪೆಂದು ತಿಳಿದು, ಗಂಟುಮೂಟೆ ಇಳಿಸುವ ತನಕ ಜೀಪು ಕಾದಿತು. ನಾನು ಅಂಗೈಯನ್ನು ಕಿಟಕಿಯಿಂದ ಹೊರಗೆ ಚಾಚಿ ನೋಡುತ್ತಿದ್ದೆ. ದಪ್ಪ ಗೆರೆಗಳು ಇದ್ದವು, ಸಣ್ಣವು ಹೋಗಿದ್ದವು. ಡ್ರೈವರ್ "ಕೈ ಒಳಗೆ ಹಾಕಿ ಸರ್" ಎಂದ.

ಮನೆಯ ಜಗಲಿಯಲ್ಲಿ ಮಾವ ನಿಂತಿದ್ದರು. ಅವರ ಪಕ್ಕದ ಕುರ್ಚಿಯಲ್ಲಿ ಚಹಾದ ಲೋಟ ಹಿಡಿದು, ಕಾಲ ಬಳಿ ಹೆಲ್ಮೆಟ್ಟು ಇಟ್ಟುಕೊಂಡು ಕೂತಿದ್ದವನು ಬಸ್ಸಿನ ಕಪ್ಪು ಕನ್ನಡಕದವನು.

"ನೀವು ವೇಣೂರಲ್ಲಿ ಇಳಿದದ್ದು ಎಂತಕೆ ಮಾರಾಯ್ರೆ?" ಎಂದು ಅವನು ಎದ್ದುನಿಂತ. "ಕರೆದೆ, ಕರೆದೆ! ಈ ದೇವರ ಕೋಣೆಯ ವಯರಿಂಗ್ ಮಾಡಿದವ ನಾನು. ವಸ್ತ್ರ ನೋಡಿಯೇ ಗೊತ್ತಾಯ್ತು, ಇದು ಅಮ್ಮನವರ ಕಟ್ಟು ಅಂತ. ಇವರಿಗೆ ಫೋನು ಮಾಡಿ ಕೇಳಿದೆ, ಹೌದು ನಮ್ಮ ಅಳಿಯ, ಕತ್ತಲೆಯೊಳಗೆ ತಲುಪಿಸು ಅಂದ್ರು. ಗುರುವಾಯನಕೆರೆಯಲ್ಲಿ ನನ್ನ ಬೈಕು ಇತ್ತು. ಅದರಲ್ಲಿ ಹೋಗುವ ಅಂತ ಹೇಳ್ಲಿಕ್ಕೇ ನಿಮ್ಮ ಹಿಂದೆ ಬಂದು ಕೂತದ್ದು, ಅಷ್ಟರಲ್ಲಿ ನೀವು ಹಾರಿದ್ರಿ."

ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕಾದಂಬರಿ ಬರೆಯುವವರಿಗೆ ಬೈಕು ಆಗುದಿಲ್ಲ," ಎಂದರು. "ಹೋಗು ಒಳಗೆ, ಬೇಗ."

ದೊಡ್ಡಮ್ಮ ಏನೂ ಕೇಳದೆ ಕಟ್ಟನ್ನು ತೆಗೆದುಕೊಂಡು, ಮೂಸಿ, "ಎಣ್ಣೆ ಒಳ್ಳೆ ಪರಿಮಳ ಉಂಟು," ಎಂದು ಜಾಗದಲ್ಲಿಟ್ಟು ದೀಪ ಹಚ್ಚಿದರು. ಬತ್ತಿ ಹೊತ್ತಲು ಎರಡನೆಯ ಕಡ್ಡಿ ಗೀರಬೇಕಾಯಿತು. ಅಡುಗೆಕೋಣೆಯ ಮೇಜಿನ ಮೇಲೆ ಗಂಜಿಯ ಬಟ್ಟಲು, ಹೆಸರುಕಾಳಿನ ಪಲ್ಯ, ಎರಡನ್ನೂ ಮುಚ್ಚಿಟ್ಟಿದ್ದರು. ನಾನು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ: ಧರ್ಮಗ್ರಂಥವೇ, ಮನೆಮಂದಿಯ ನಡತೆಯದ್ದು, ನೀರು ಸೋಸುವುದು ಉಂಟು, ಕತ್ತಲಾದ ಮೇಲೆ ಉಣ್ಣಬಾರದು ಅಂತ ಉಂಟು.

"ಅದು ನನ್ನ ಅಮ್ಮನೇ ಹೇಳಿದ್ದಾಳೆ," ಎಂದರು ದೊಡ್ಡಮ್ಮ. "ಬೇರೆ ಎಂತ ಉಂಟು?"

"ಬೇರೆ ಮತ್ತೆ ಕೇಳುವ ಅಕ್ಕ," ಎಂದು ಮಾವ ಬಾಗಿಲಲ್ಲಿ ನಿಂತು ಹೇಳಿದರು. "ಮೊದಲು ಉಣ್ಣು. ಇನ್ನೂ ಬೆಳಕುಂಟು."

ದೊಡ್ಡಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಅಂಗಳಕ್ಕೆ ಇಳಿದರು. ಆಕಾಶದಲ್ಲಿ ಒಂದು ಬದಿ ಕೆಂಪು ಉಳಿದಿತ್ತು. ಅಂಗೈ ತೆರೆದು ನನ್ನ ಮುಂದೆ ಹಿಡಿದರು.

"ನನ್ನ ಕಣ್ಣಿಗೆ ಈಗ ಮಧ್ಯಾಹ್ನವೂ ಕಾಣುದಿಲ್ಲ. ನೀನು ನೋಡಿ ಹೇಳು ಮಗಾ. ಗೆರೆ ಉಂಟಾ?"

ಅವರ ಬೆನ್ನ ಹಿಂದೆ ಮಾವ ತಲೆ ಮೇಲೆ ಕೆಳಗೆ ಆಡಿಸುತ್ತಿದ್ದರು: ಉಂಟು ಅನ್ನು, ಉಂಟು ಅನ್ನು. ವಯರಿಂಗಿನವನೂ ಆಡಿಸುತ್ತಿದ್ದ. ನಾನು ಬಗ್ಗಿದೆ. ನಡುವಿನ ಉದ್ದ ಗೆರೆ ಕಂಡ ಹಾಗಾಯಿತು. ಕಂಡಿತು ಎಂದು ಬಾಯಿ ತೆರೆಯುವಷ್ಟರಲ್ಲಿ ಅದೂ ಇರಲಿಲ್ಲ. ಇನ್ನಷ್ಟು ಬಗ್ಗಿದೆ. ಕೈಯಲ್ಲಿ ಹುಲ್ಲೆಣ್ಣೆಯ ವಾಸನೆ ಇತ್ತು, ಗೆರೆ ಇರಲಿಲ್ಲ.

"ಇಲ್ಲ ದೊಡ್ಡಮ್ಮ."

ಮಾವ ಹಣೆ ಬಡಿದುಕೊಂಡರು.

"ಹೋಗ್ಲಿ ಬಿಡು," ಎಂದರು ದೊಡ್ಡಮ್ಮ. "ಅದಕ್ಕೆ ಮುಖ ಎಂತಕೆ ಹಾಗೆ ಮಾಡ್ತಿ? ಕಟ್ಟು ಬಂತಲ್ಲ." ಮಾವ ಯಂತ್ರ ತಂದು ಅವರ ಬೆರಳಿಗೆ ಚುಚ್ಚಿ ಸಕ್ಕರೆ ನೋಡಿದರು, ಹೆದರುವಂಥದ್ದು ಇರಲಿಲ್ಲ. ಹುಳ ಹೋಗಿತ್ತು, ಓಲೆ ಒಂದೂ ಮುರಿದಿರಲಿಲ್ಲ, ಮಳೆ ಬಂದಿರಲಿಲ್ಲ, ಪೊಲೀಸರು ನನ್ನನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ದೊಡ್ಡಮ್ಮ ಒಳಗೆ ಹೋಗಿ ಗಂಜಿಯ ಬಟ್ಟಲಿನ ಮುಚ್ಚಳ ತೆಗೆದು, ಪಲ್ಯವನ್ನೂ ಅದರಲ್ಲೇ ಕಲಸಿ, ಹಿಂಬಾಗಿಲಿಗೆ ತಂದು ಸುರಿದರು. ನಾಯಿ ಬಾಲ ಆಡಿಸುತ್ತಾ ಬಂದು, ಆ ಕತ್ತಲಲ್ಲೇ ಎಲ್ಲವನ್ನೂ ತಿಂದಿತು.